ಭಟ್ಟರನ್ನು ಉಳಿಸಿಕೊಂಡ ಬಗೆ

ಎಪ್ಪತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾನು ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರನಾಗಿದ್ದೆ. ಯಾರು ಗಿರಾಕಿ, ಯಾರು ಕೆಲಸದವರು, ಯಾರು ಬಂದರು, ಯಾರು ಹೋದರು ಎಂದು ನನಗೆ ಸರಿಯಾಗಿ ಗೊತ್ತಿದ್ದ ಒಂದೇ ಒಂದು ದಿನವೂ ನೆನಪಿಲ್ಲ. ಬೊಂಬಾಯಿಗೆ ಹೋಗುವವರು ಮೊದಲೇ ಇದ್ದರು, ಆಗ ಗಲ್ಫಿನ ದಾರಿಯೂ ತೆರೆಯಿತು. ಇವತ್ತು ಕಾಫಿ ಮಾಡುವವನಿಲ್ಲ, ನಾಳೆ ಚಟ್ನಿ ಅರೆಯುವವನಿಲ್ಲ. ಗಟ್ಟಿಯಾಗಿ ಉಳಿದಿದ್ದವರು ದೋಸೆ ಭಟ್ಟರೊಬ್ಬರೇ. ಅವರ ಮಸಾಲೆದೋಸೆಗೆಂದೇ ಜನ ಬರುತ್ತಿದ್ದರು. ಧಣಿಗಳು ನನಗೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು: "ಭಟ್ಟರು ಬಿಟ್ಟು ಹೋದ ದಿನ ನೀನೂ ಮನೆಗೆ ಹೋಗು."

ಕಾರ್ಕಳದಿಂದ ಬಂದವರು

ಒಮ್ಮೆ ಬಡಿಸುವ ಕೆಲಸಕ್ಕೆ ಕಾರ್ಕಳದಿಂದ ಹೊಸ ಸಪ್ಲೈಯರ್ ಬರುವವನಿದ್ದ. ಹತ್ತು ಗಂಟೆಗೆ ಚೀಲ ಹಿಡಿದವನೊಬ್ಬ ಒಳಗೆ ಬಂದ.

"ಕಾರ್ಕಳದಿಂದಲೋ?" ಅಂದೆ.

"ಹೌದು."

"ಇಷ್ಟು ಹೊತ್ತಿಗಾ ಬರುವುದು? ಚೀಲ ಒಳಗಿಡು. ಮೂಲೆಯ ಟೇಬಲಿಗೆ ಇಡ್ಲಿ ಕೊಡು."

ಪಾಪ, ಕೊಟ್ಟ. ಅರ್ಧ ಗಂಟೆ ಬಡಿಸಿದ. ಅಷ್ಟರಲ್ಲಿ ಮೂಲೆಯ ಟೇಬಲಿನವನು ಕೈ ತೊಳೆದು ಬಂದು, "ನಾನು ಕೆಲಸಕ್ಕೆ ಬಂದವ. ನಿಮಗೆ ಗಡಿಬಿಡಿ ಉಂಟಲ್ವಾ, ಹಾಗಾಗಿ ತಿಂದು ಮುಗಿಸಿದೆ" ಅಂದ.

ಬಡಿಸುತ್ತಿದ್ದವರ ಹತ್ತಿರ ಓಡಿದೆ. ಕೇಳಿದರೆ, ಅವರು ತಿಂಡಿಗೆ ಬಂದ ಶಾಲೆಯ ಮಾಸ್ಟರು! "ಮೊದಲೇ ಹೇಳಬಾರದಿತ್ತಾ?" ಅಂದೆ.

"ಉಡುಪಿಯ ಹೋಟೆಲುಗಳಲ್ಲಿ ಈಗ ಜನ ಇಲ್ಲ ಅಂತ ಕೇಳಿದ್ದೆ. ಬಡಿಸಿದ ಮೇಲೆಯೇ ತಿನ್ನಲಿಕ್ಕೆ ಕೊಡುವುದೋ ಏನೋ ಅಂತ ಎಣಿಸಿದೆ. ಇನ್ನೆಷ್ಟು ಟೇಬಲ್ ಉಂಟು?"

ಬದಲಿ

ರಜೆ ಬೇಕಾದವನು ಬದಲಿ ಜನ ಕೊಟ್ಟು ಹೋಗಬೇಕು ಎಂಬುದು ನಮ್ಮ ಪದ್ಧತಿ. ಕಾಪುವಿನ ಸಪ್ಲೈಯರ್ ಒಬ್ಬ ಹಾಗೆ ಬದಲಿ ಕೊಟ್ಟು ಬೊಂಬಾಯಿಗೆ ಹೋದ. ಆ ಬದಲಿ ಇನ್ನೊಬ್ಬನನ್ನು ಕೊಟ್ಟು ದುಬೈಗೆ ಹೋದ. ಹಾಜರಿ ಪುಸ್ತಕದಲ್ಲಿ ಮಾತ್ರ ಕಾಪುವಿನವನ ಹೆಸರೇ ಮುಂದುವರಿಯಿತು. ಕರೆದರೆ ಓಗೊಡುವವನೊಬ್ಬ ಇರುತ್ತಿದ್ದ, ನನಗೆ ಅಷ್ಟು ಸಾಕಿತ್ತು.

ಎರಡು ವರ್ಷದ ಮೇಲೆ ಕಾಪುವಿನವನು ಪ್ರತ್ಯಕ್ಷನಾದ. "ಬೊಂಬಾಯಿ ಸರಿಯಾಗಲಿಲ್ಲ. ಕೆಲಸ ಉಂಟಾ?"

ಪುಸ್ತಕ ತೆಗೆದು ನೋಡಿದೆ. ಒಂದು ದಿನವೂ ತಪ್ಪದೆ ಬಂದಿದ್ದಾನೆ! "ಎಂತ ಮಾರಾಯ, ನೀನು ಇಲ್ಲೇ ಇದ್ದೀಯಲ್ಲ. ಜಾಗ ಎಲ್ಲಿ ಖಾಲಿ ಉಂಟು?"

ಅವನೂ ಪುಸ್ತಕ ನೋಡಿದ. ತಲೆ ಕೆರೆದುಕೊಂಡ. "ಹಾಗಾದರೆ ನಾನು ಯಾವಾಗಲಾದರೂ ರಜೆ ಹಾಕಿದರೆ, ನನ್ನ ಬದಲಿಗೆ ನನ್ನನ್ನೇ ಕರೆಯಿರಿ."

ಮಣಿಪಾಲದ ಇಂಟರ್‌ವ್ಯೂ

ಕೊನೆಗೆ ನಾನು ಹೆದರಿದ್ದೇ ಆಯಿತು. ಒಂದು ಭಾನುವಾರ ಬೆಳಿಗ್ಗೆ ದೋಸೆ ಭಟ್ಟರು ಸೌಟು ಕೆಳಗಿಟ್ಟು, "ಮ್ಯಾನೇಜರ್ರೇ, ಮಣಿಪಾಲದ ಲಾಡ್ಜಿಗೆ ಗಲ್ಫಿನ ಏಜೆಂಟರು ಬಂದಿದ್ದಾರಂತೆ. ಇಂಟರ್‌ವ್ಯೂ ಉಂಟು, ಹೋಗಿ ಬರುತ್ತೇನೆ" ಅಂದರು.

ಹೋಟೆಲ್ ತುಂಬ ಜನ. ಬೇಡವೆಂದರೆ ಸಿಟ್ಟಾಗುತ್ತಾರೆ, ಹೋಗಿ ಅಂದರೆ ನನ್ನ ಕೆಲಸ ಹೋಗುತ್ತದೆ. "ಈ ರಶ್ಶಿನಲ್ಲಿ ಬೇಡ ಭಟ್ರೇ. ನಾನೇ ಹೋಗಿ ನಿಮ್ಮ ಇಂಟರ್‌ವ್ಯೂ ಮಧ್ಯಾಹ್ನಕ್ಕೆ ಇಡಲು ಕೇಳಿಕೊಂಡು ಬರುತ್ತೇನೆ" ಎಂದು ಬಸ್ಸು ಹತ್ತಿದೆ.

ಏಜೆಂಟರ ಮುಂದೆ ಬಾಯಿಗೆ ಬಂದದ್ದನ್ನು ಹೇಳಿದೆ. ಭಟ್ಟರಿಗೆ ಸೊಂಟನೋವು, ಕಾವಲಿಯ ಮುಂದೆ ಹತ್ತು ನಿಮಿಷ ನಿಲ್ಲಲಾರರು, ವಿಮಾನದ ಶಬ್ದ ಕೇಳಿದರೆ ಜ್ವರ ಬರುತ್ತದೆ. "ಅಂಥವರು ಬೇಡ ಬಿಡಿ" ಎಂದು ಅವರು ಪಟ್ಟಿಯಲ್ಲಿದ್ದ ಹೆಸರಿಗೆ ಗೀಟು ಎಳೆದರು. ವಾಪಸು ಬರುವಾಗ ದಾರಿಯುದ್ದಕ್ಕೂ ನಾಚಿಕೆಯಾಯಿತು. ಒಳ್ಳೆಯ ಮನುಷ್ಯರ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಅನ್ನಿಸಿತು. ಕೆಲಸ ಉಳಿಯಿತೆಂದು ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ.

ಹೋಟೆಲಿಗೆ ಬಂದು ನೋಡಿದರೆ, ಗಲ್ಲಾದ ಹಿಂದೆ ನನ್ನ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಭಟ್ಟರು ಕುಳಿತಿದ್ದಾರೆ! ನನಗೆ ಬೇರೆ ಹೋಟೆಲಿಗೆ ನುಗ್ಗಿದೆನೋ ಅನ್ನಿಸಿತು. ಒಳಗೆ ಓಡಿದೆ. ಧಣಿಗಳು ಪಂಚೆ ಮೇಲೆ ಕಟ್ಟಿ ಕಾವಲಿಯ ಮುಂದೆ ನಿಂತಿದ್ದರು. ಕಾವಲಿಯ ಮೇಲಿದ್ದದ್ದು ದೋಸೆಯೂ ಅಲ್ಲ, ಇಡ್ಲಿಯೂ ಅಲ್ಲ.

"ಬಂದೆಯಾ ಮಾರಾಯ! ಗಲ್ಫಿನ ಸುದ್ದಿ ನನಗೂ ಬಂತು. ನಿನ್ನ ಕುರ್ಚಿ ಕೊಡುತ್ತೇನೆ ಅಂದೆ, ಭಟ್ಟರು ಒಪ್ಪಿದರು. ಇನ್ನು ಎಲ್ಲಿಗೂ ಹೋಗುವುದಿಲ್ಲ" ಎಂದು ಧಣಿಗಳು ಸೌಟನ್ನು ನನ್ನ ಕೈಗೆ ಕೊಟ್ಟು ಬೆವರು ಒರೆಸಿಕೊಂಡರು. "ಈಗ ನೀನು ಬೇಗ ಒಬ್ಬ ಒಳ್ಳೆಯ ದೋಸೆ ಭಟ್ಟರನ್ನು ಹುಡುಕು."