ಸತ್ತು ಎದ್ದ ಮಹಾಪ್ರಭು

ಸರ್ವಾಧಿಕಾರಿಗಳು ಕೆಟ್ಟವರು ಎಂದು ಮಕ್ಕಳಿಗೆ ಪಾಠ ಮಾಡುವುದು ಸುಲಭ. ಚಪ್ಪಾಳೆ ಬೀಳುತ್ತಿರುವಾಗ ಸಿಂಹಾಸನದಿಂದ ಇಳಿಯುವುದು ಎಷ್ಟು ಕಷ್ಟ ಎಂಬುದು ಮಾತ್ರ ಮೇಲೆ ಕುಳಿತವನಿಗೇ ಗೊತ್ತು. ನಾನು ಕುಳಿತಿದ್ದೇನೆ. ಒಂದೇ ಒಂದು ಸಂಜೆ, ಅದೂ ಹೆಡ್‌ಮಾಸ್ತರರ ಕುರ್ಚಿಗೆ ನನ್ನ ಹೆಂಡತಿಯ ಜರಿ ಸೀರೆ ಹೊದಿಸಿ ಮಾಡಿದ ಸಿಂಹಾಸನದ ಮೇಲೆ. ಅಮಲೇರುವುದಕ್ಕೆ ಅಷ್ಟು ಸಾಕಾಯಿತು.

ಆಗ ನಾನು ಬೈಲಹೊಂಗಲದಿಂದ ದೊಡವಾಡಕ್ಕೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ಪ್ರತಿ ವರ್ಷ ಗ್ಯಾದರಿಂಗ್‌ಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನಮ್ಮಲ್ಲಿ ಐತಿಹಾಸಿಕ ನಾಟಕವೇ ಆಗಬೇಕು. ಅರ್ಧ ನಾಟಕ ಮುಗಿಯುವಷ್ಟರಲ್ಲಿ ರಟ್ಟಿನ ಖಡ್ಗಗಳೆಲ್ಲ ಮಡಚಿಹೋಗಿ ವೀರರು ಕೈಯಿಂದಲೇ ಗುದ್ದಾಡುತ್ತಿದ್ದರು. ಆ ವರ್ಷ ಮಾತ್ರ ಒಂಬತ್ತನೆಯ ಇಯತ್ತೆಯ ಪರ್ವೀನ ತನ್ನ ಮೂವರು ಗೆಳೆಯರನ್ನು ಕಟ್ಟಿಕೊಂಡು ಸ್ಟಾಫ್‌ರೂಮಿಗೆ ಬಂದಳು. ಟೆಂಪೋ ಓಡಿಸುವ ಖಾದಿರಸಾಬರ ಮಗಳು. ಧಾರವಾಡದಲ್ಲಿ ಓದುವ ಅವಳ ಅಣ್ಣ ಯಾವುದೋ ಇಂಗ್ಲಿಷ್ ಕಾದಂಬರಿ ತಂದು ಕತೆ ಹೇಳಿದ್ದನಂತೆ.

"ಸರ, ಈ ಸಲ ಮುಂದಿನ ಕಾಲದ ನಾಟಕ ಮಾಡೂಣ್ರಿ. ಒಂದು ಕೆಟ್ಟ ರಾಜ್ಯ ಇರತೈತಿ. ಅಲ್ಲಿ ಹುಡುಗ್ರಿಗೆ ಏನೂ ಮಾಡಾಕ ಬಿಡಂಗಿಲ್ಲ. ನಾಕು ಮಂದಿಗೆ ಮಾತ್ರ ಶಕ್ತಿ ಬಂದಿರತೈತಿ. ಒಬ್ರಿಗೆ ಬೆಂಕಿ, ಒಬ್ರಿಗೆ ನೀರು, ಒಬ್ರಿಗೆ ಗಾಳಿ, ಒಬ್ರಿಗೆ ಮಣ್ಣು. ನಾಕೂ ಮಂದಿ ಕೂಡಿ ರಾಜನ್ನ ಕೆಡವತಾರ."

"ಯಾಕ ಕೆಡವಬೇಕವಾ?" ಎಂದೆ.

"ಅದನ್ನ ನೋಡಿದ ಮ್ಯಾಲರೆ ನಮ್ಮ ಮನ್ಯಾನವ್ರಿಗೆ ನಮ್ಮ ತ್ರಾಸ ತಿಳೀಬೇಕ್ರಿ ಸರ. ಒಂದು ತಾಸು ಟಿವಿ ಹಚ್ಚಿದ್ರ ನಮ್ಮ ಅಮ್ಮಿ ಓಣಿ ತುಂಬ ಒದರತಾಳ."

ನನಗೆ ಕನಿಕರ ಉಕ್ಕಿತು. ಮಕ್ಕಳ ವಿಮೋಚನೆಗಾಗಿ ಲೇಖನಿ ಹಿಡಿದೆ. ದುಷ್ಟ ಮಹಾಪ್ರಭುವಿನ ಪಾತ್ರವನ್ನು ಮಾಡಲು ಒಬ್ಬ ಹುಡುಗನೂ ಒಪ್ಪಲಿಲ್ಲವಾದ್ದರಿಂದ ಅದು ನನ್ನ ಪಾಲಿಗೆ ಬಂತು. ನಾನೂ ಬಹಳ ಬೇಡವೆನ್ನಲಿಲ್ಲ. ಸಣ್ಣವನಿದ್ದಾಗ ನನಗೆ ಸಿಕ್ಕಿದ್ದು ದೂತನ ಪಾತ್ರವೊಂದೇ, ಮಾತೂ ಒಂದೇ, ಅದನ್ನೂ ಮರೆತು "ಆಮ್ಯಾಲ ಹೇಳತೇನ್ರಿ" ಎಂದು ರಾಜನಿಗೆ ಹೇಳಿ ಓಡಿಬಂದಿದ್ದೆ. ಆ ಹಸಿವು ಇನ್ನೂ ಉಳಿದಿತ್ತು.

ಶಕ್ತಿಗಳ ವ್ಯವಸ್ಥೆಯೇ ಒಂದು ಪ್ರಹಸನ. ಪರ್ವೀನಳಿಗೆ ಬೆಂಕಿ, ಅಂದರೆ ತಟ್ಟೆಯಲ್ಲಿ ಕರ್ಪೂರ. ನೀರಿನ ಹುಡುಗನ ಬೆನ್ನಿಗೆ, ಹೊದ್ದ ಶಾಲಿನ ಒಳಗೆ, ಬೆಳೆಗೆ ಔಷಧ ಹೊಡೆಯುವ ಹೊಸ ಪಂಪು. ಮಣ್ಣಿನ ಹುಡುಗಿ ಕಾಲು ಅಪ್ಪಳಿಸಿದರೆ ಮೇಲಿನಿಂದ ಒಂದು ಚೀಲ ಹೊಟ್ಟು ಸುರಿಯಬೇಕು. ಗಾಳಿಯ ಬಸವರಾಜನ ಹಿಂದೆ, ಪರದೆಯ ಮರೆಯಲ್ಲಿ, ರಾಶಿ ತೂರುವ ದೊಡ್ಡ ಫ್ಯಾನು, ತಿರುಗಿಸಲು ಇಬ್ಬರು ಹುಡುಗರು.

ನಾಟಕದ ದಿನ ಊರಿಗೆ ಊರೇ ಬಂದಿತ್ತು. ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಮತ್ತು ಪರ್ವೀನಳ ತಾಯಿ ಒಂದೇ ಚಾಪೆಯ ಮೇಲೆ ಕುಳಿತಿದ್ದರು. ನಾನು ಮೀಸೆ ತಿರುವಿ ಮೊದಲ ಆಜ್ಞೆ ಹೊರಡಿಸಿದೆ: "ನಮ್ಮ ರಾಜ್ಯದಲ್ಲಿ ಎಂಟು ದಿನಕ್ಕೊಮ್ಮೆ ಮಾತ್ರ ನಳಕ್ಕೆ ನೀರು!" ಜನ ಛೀ ಥೂ ಎನ್ನಬೇಕೆಂದು ಬರೆದ ಮಾತು. ಹಿಂದಿನಿಂದ ಯಾರೋ ಕೂಗಿದರು, "ಎಂಟ ದಿನಕ್ಕೊಮ್ಮೆನ? ನಮಗ ಹದಿನೈದಾತು! ಭಾಳ ಶಾಣ್ಯಾ ರಾಜಾ ಅದಾನ ಬಿಡ್ರೆಪಾ!"

ನಾನು ತುಸು ಗಲಿಬಿಲಿಗೊಂಡು ಎರಡನೆಯದಕ್ಕೆ ಹೋದೆ. "ಹುಡುಗರೆಲ್ಲ ನಸುಕಿನಲ್ಲೇ ಎದ್ದು ಓದತಕ್ಕದ್ದು!" ಹೆಂಗಸರ ಸಾಲಿನಿಂದ ಚಪ್ಪಾಳೆ. "ದೀಪ ಹಚ್ಚಿದ ಮೇಲೆ ಯಾರ ಮನೆಯಲ್ಲೂ ಟಿವಿ ಇಲ್ಲ!" ಸೀಟಿಗಳು ಬಿದ್ದವು. "ಒನ್ಸ್ ಮೋರ್!" ಎಂದು ಎದ್ದು ನಿಂತವಳು ಪರ್ವೀನಳ ತಾಯಿ. ನಾಟಕಕಾರನಿಗೆ ಒನ್ಸ್ ಮೋರ್ ಬಂದರೆ ಏನು ಮಾಡಬೇಕು? ಮತ್ತೊಮ್ಮೆ ಹೇಳಿದೆ. ಉತ್ಸಾಹದಲ್ಲಿ ಬರೆಯದೇ ಇದ್ದ ಆಜ್ಞೆಗಳನ್ನೂ ಸೇರಿಸಿದೆ: ತಲೆಗೆ ಎಣ್ಣೆ, ಎರಡು ಜಡೆ, ಹಿರಿಯರಿಗೆ ಎದುರುತ್ತರವಿಲ್ಲ, ಬೀದಿಯಲ್ಲಿ ಕ್ರಿಕೆಟ್ ಇಲ್ಲ. ಒಂದೊಂದಕ್ಕೂ ಸಭೆ ಹುಚ್ಚೆದ್ದು ಕುಣಿಯಿತು. ರಂಗದ ಪಕ್ಕದ ಪರದೆಯ ಬಳಿ ಕಾಯುತ್ತಿದ್ದ ನಾಲ್ವರು ಕ್ರಾಂತಿಕಾರಿಗಳು ನನ್ನನ್ನು ತಿನ್ನುವಂತೆ ನೋಡುತ್ತಿದ್ದರು.

ಅಂತೂ ಕ್ರಾಂತಿ ಶುರುವಾಯಿತು. ಬಸವರಾಜ ಕೈ ಬೀಸಿದ. ಫ್ಯಾನಿನ ಹುಡುಗರು ಜೀವ ಬಿಟ್ಟು ತಿರುಗಿಸಿದರು. ಮೊದಲು ಪರ್ವೀನಳ ಬೆಂಕಿ ಆರಿತು, ಆಮೇಲೆ ನನ್ನ ಕಿರೀಟ ಹಾರಿ ಹೆಡ್‌ಮಾಸ್ತರರ ಮಡಿಲಲ್ಲಿ ಬಿತ್ತು, ಮೇಲಿನಿಂದ ಸುರಿದ ಹೊಟ್ಟೆಲ್ಲ ಪ್ರೇಕ್ಷಕರ ಮೇಲೆ ಹೋಯಿತು, ಅದರ ಮೇಲೆ ಪಂಪಿನ ನೀರು. ರೈತರೊಬ್ಬರು ಕಣ್ಣು ಒರೆಸಿಕೊಳ್ಳುತ್ತ ಎದ್ದು, "ಸರ, ಆ ಗಾಳಿ ಹುಡುಗನ್ನ ನಾಳೆ ನಮ್ಮ ಕಣಕ್ಕ ಕಳಿಸ್ರಿ, ಜೋಳ ತೂರೂದು ಉಳದೈತಿ!" ಎಂದರು. ಈ ಗದ್ದಲದಲ್ಲಿ ನಾನು ಸತ್ತು ಬಿದ್ದೆ. "ಇನ್ನು ನಾವು ಸ್ವತಂತ್ರರು!" ಎಂದು ಪರ್ವೀನ ಗರ್ಜಿಸಿದಳು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

"ಏ ಪರ್ವೀನ! ಮದಲ ಸರ್‌ನ ಎಬ್ಬಸು!" ಅವಳ ತಾಯಿಯ ದನಿ. "ಒನ್ಸ್ ಮೋರ್! ಮಹಾಪ್ರಭು ಒನ್ಸ್ ಮೋರ್!" ಎಂದು ಇಡೀ ಊರು.

ಅಲ್ಲೇ ಸತ್ತುಕೊಂಡು ಇರಬಹುದಿತ್ತು. ಇರಲಿಲ್ಲ. ಹೊಟ್ಟು ಕೊಡವಿಕೊಂಡು ಎದ್ದು ಎಲ್ಲ ಆಜ್ಞೆಗಳನ್ನೂ ಮೊದಲಿನಿಂದ ಹೇಳಿದೆ.

ಮರುದಿನ ಬೆಳಗ್ಗೆ ಇಡೀ ಒಂಬತ್ತನೆಯ ಇಯತ್ತೆ ತಲೆಯಿಂದ ಎಣ್ಣೆ ಸೋರಿಸುತ್ತ, ನಿದ್ದೆಗಣ್ಣಿನಲ್ಲಿ ತೂಕಡಿಸುತ್ತ ಕುಳಿತಿತ್ತು. ಪರ್ವೀನ ಎದ್ದು ನಿಂತು, "ಸರ, ನೀವು ಸಾಯೂದಿತ್ತು. ಸತ್ತ ಮ್ಯಾಲೂ ಎದ್ದಿರಿ. ಈಗ ಅಮ್ಮಿ ಎಲ್ಲಾದಕ್ಕೂ ‘ಮಹಾಪ್ರಭು ಹೇಳ್ಯಾನ’ ಅಂತಾಳ" ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಹೊರಗೆ, "ಓದಿದ್ರ ಒಳ್ಳೇದ ಆಗತೈತಿ" ಎಂದುಬಿಟ್ಟೆ. ಗುಂಗು ಇನ್ನೂ ಇಳಿದಿರಲಿಲ್ಲ.

ಇಳಿದದ್ದು ಆ ವಾರದ ಡೇ-ನೈಟ್ ಮ್ಯಾಚಿನ ಸಂಜೆ. ನಮ್ಮವರು ಬ್ಯಾಟಿಂಗಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಹೆಂಡತಿ ದೇವರಿಗೆ ದೀಪ ಹಚ್ಚಿ, ಟಿವಿಯ ವಾಯರ್ ಕಿತ್ತು ಸುತ್ತಿ ಟ್ರಂಕಿನಲ್ಲಿ ಹಾಕಿದಳು.

"ಏ, ಅದು ನಾಟಕಾ! ಕಡೀಕ ನಾ ಸಾಯತೇನೆಲ್ಲಾ!"

"ಎದ್ದಿರೆಲ್ಲಾ," ಎಂದಳು. "ಊರ ಹೆಣ್ಮಕ್ಕಳೆಲ್ಲಾ ಒಪ್ಪೇವಿ. ನಿಮಗೊಂದು, ಮಂದಿ ಹುಡುಗ್ರಿಗೊಂದು ಆಗತೈತೇನು?"

ಬೀದಿಗೆ ಬಿದ್ದೆ. ಯಾವ ಮನೆಯಲ್ಲೂ ಟಿವಿಯ ಸದ್ದಿಲ್ಲ. ನನ್ನ ರಾಜ್ಯ ಅಷ್ಟು ಶಿಸ್ತಿನಿಂದ ನಡೆಯುತ್ತಿತ್ತು. ಖಾದಿರಸಾಬರ ಟೆಂಪೋ ನಿಲ್ಲಿಸುವ ತಗಡಿನ ಶೆಡ್ಡಿನಿಂದ ಮಾತ್ರ ಕಾಮೆಂಟರಿಯ ಕ್ಷೀಣ ಸ್ವರ ಕೇಳಿಬಂತು. ಬಾಗಿಲಲ್ಲಿ ಪರ್ವೀನ ಕಾವಲಿದ್ದಳು. ಒಳಗೆ ಉಳಿದ ಮೂವರು ಒಂದು ರೇಡಿಯೋಕ್ಕೆ ಕಿವಿ ಹಚ್ಚಿ ಕುಳಿತಿದ್ದರು.

"ನನ್ನೂ ಸೇರಿಸ್ಕೋರೆವಾ," ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಬೆಂಕಿ, ನೀರು, ಗಾಳಿ, ಮಣ್ಣು ಎಲ್ಲಾ ನಮ್ಮ ಕಡೆ ಅದಾವ್ರಿ ಸರ. ರೇಡಿಯೋದ ಸೆಲ್ ಇಳದಾವು. ಸೆಲ್ ತಂದ್ರ ಒಳಗ ಬರ್ರಿ."

ಮಹಾಪ್ರಭು ಧೋತರದ ಚುಂಗು ಹಿಡಿದು ಅಂಗಡಿಗೆ ಓಡಿದ. ಅಂಗಡಿಯಲ್ಲಿ ಕುಳಿತಿದ್ದಾಕೆ ಅಂದು ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದವಳೇ. "ಯಾತಕ್ರಿ ಸರ, ಇಷ್ಟ ಸಂಜೀಕ ಸೆಲ್?" ಎಂದಳು. ಟಾರ್ಚಿಗೆ ಎಂದು ತಲೆ ತಗ್ಗಿಸಿ ಸುಳ್ಳು ಹೇಳಿದೆ.