ಕಪ್ಪೆಮರಿಯ ಚರಿಗೆ

ಆಣೆ ಹೋಗಿ ನಯೇಪೈಸೆ ಬಂದ ಹೊಸದು. ಸಿಂದಗಿಯ ಮಂದಿಯೆಲ್ಲ ಚಿಲ್ಲರೆ ಹಿಡಿದುಕೊಂಡು ಲೆಕ್ಕದ ಮಾಸ್ತರನಾದ ನನ್ನ ಹತ್ತಿರ ಬರುತ್ತಿದ್ದರು. ಹೀಗಾಗಿ ನನಗೆ ತಿಳಿಯದ್ದು ಜಗತ್ತಿನಲ್ಲಿ ಏನೂ ಉಳಿದಿಲ್ಲ ಎಂಬ ಭಾವನೆ ನನ್ನಲ್ಲಿ ಬಲವಾಗಿ ಬೆಳೆದಿತ್ತು. ಆ ಭಾವನೆಯ ಫಲವೇ ಹಿತ್ತಲಲ್ಲಿ ನಾನು ತೋಡಿದ ಹೊಂಡ. ತಾವರೆ ಬೆಳೆಸುವ ಘನ ಉದ್ದೇಶ. ಮಳೆ ಬಂತು, ಹೊಂಡ ತುಂಬಿತು. ತಾವರೆ ಬರಲಿಲ್ಲ, ಸೊಳ್ಳೆ ಬಂದವು.

ರಾತ್ರಿಯೆಲ್ಲ ಸೊಳ್ಳೆ ಬಡಿದು ಕೈ ಕೆಂಪಾದ ನನ್ನ ಹೆಂಡತಿ ಶಾಂತಾ ಒಂದು ಬೆಳಿಗ್ಗೆ ಕರಾರು ಹಾಕಿದಳು.

"ಪಂಚಮಿಗೆ ನಮ್ಮ ತಮ್ಮ ಕರಿಯಾಕ ಬರ್ತಾನ. ಅಷ್ಟರೊಳಗ ಈ ಗುಂಗಾಡ ಹೋಗಬೇಕು, ಇಲ್ಲಂದ್ರ ಹೊಂಡ ಮುಚ್ಚಬೇಕು. ಎರಡೂ ಆಗಲಿಲ್ಲಂದ್ರ ಹಲಸಂಗಿಗೆ ತವರಮನಿಗೆ ಹ್ವಾದಾಕಿ ನಾ ತಿರುಗಿ ಬರಾಕಿಲ್ಲ ನೋಡ್ರಿ."

"ಮುಚ್ಚೂದ್ಯಾಕ? ಕಪ್ಪಿಮರಿ ತಂದು ಬಿಡ್ತೇನಿ. ಅವು ಗುಂಗಾಡದ ಮರಿ ತಿಂದು ಹಾಕ್ತಾವ. ನಮ್ಮ ಕೆರಿವಽ ತರ್ತೇನಿ, ನಮ್ಮ ಬಿಸಿಲು ತಾಳ್ತಾವ."

"ಯಾರು ಹೇಳ್ಯಾರ ನಿಮಗ?"

"ಯಾರು ಹೇಳಬೇಕು? ನನಗ ಗೊತ್ತೈತಿ."

ತರಲು ಒಂದು ಪಾತ್ರೆ ಕೇಳಿದೆ. "ಅಡಗಿ ಭಾಂಡಿ ಮುಟ್ಟಿದ್ರ ನೋಡ್ರಿ ಮತ್ತ," ಎಂದಳು. ಉಳಿದದ್ದು ಹಿತ್ತಲ ಗೋಡೆಯ ಮೇಲಿದ್ದ ಹಿತ್ತಾಳೆ ಚರಿಗೆ. ದಿನಾ ಬೆಳಿಗ್ಗೆ ನೀರು ತುಂಬಿಕೊಂಡು ಬಯಲಕಡೆಗೆ ಹೋಗುವಾಗ ಒಯ್ಯುವ ಚರಿಗೆ. ಅದನ್ನೇ ಎತ್ತಿಕೊಂಡು ನಡೆದೆ.

ಮೊದಲ ದಿನ ಕೆರೆಯ ತನಕ ಹೋಗುವ ಕಷ್ಟವನ್ನೂ ಪಡಲಿಲ್ಲ. ದಾರಿಯಲ್ಲಿ ಎತ್ತಿನ ಹೆಜ್ಜೆಯ ಗುಂಡಿಯೊಂದರಲ್ಲಿ ಕಪ್ಪಗೆ ಏನೋ ಮಿಲಮಿಲ ಅನ್ನುತ್ತಿತ್ತು. ಬೊಗಸೆಯಲ್ಲಿ ಬಾಚಿ ಚರಿಗೆಗೆ ತುಂಬಿ ತಂದು ವಿಜೃಂಭಣೆಯಿಂದ ಹೊಂಡಕ್ಕೆ ಸುರಿದೆ. ಶಾಂತಾ ಬಗ್ಗಿ ನೋಡಿದಳು.

"ಇವು ಗುಂಗಾಡದ ಮರಿ ಅಲ್ಲೇನ್ರಿ?"

ಹೌದಾಗಿತ್ತು. ಇದ್ದದ್ದು ಸಾಲದೆ ಹೊರಗಿನಿಂದಲೂ ತಂದು ಸಾಕಿದ್ದೆ.

ಮರುದಿನದಿಂದ ಕೆರೆಗೇ ಹೋಗತೊಡಗಿದೆ. ಕಪ್ಪೆಮರಿ ಹಿಡಿಯುವುದು ನೋಡಿದಷ್ಟು ಸುಲಭವಲ್ಲ. ಬಾಲ ಕೈಗೆ ಸಿಕ್ಕಂತಾಗುತ್ತದೆ, ಮರಿ ಮಾತ್ರ ಸಿಗುವುದಿಲ್ಲ. ಧೋತರ ಮೊಣಕಾಲ ಮೇಲೆ ಕಟ್ಟಿ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸಿಕ್ಕ ನಾಲ್ಕಾರು ಮರಿಗಳನ್ನು ನೀರಿನ ಸಮೇತ ಚರಿಗೆಗೆ ತುಂಬಿ, ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ, ಬಹಳ ಮೆಲ್ಲಗೆ ಮನೆಗೆ ಬರುತ್ತಿದ್ದೆ. ಮುಖದ ಮೇಲೆ ಬೆವರು.

ನಮ್ಮ ಕಡೆ ಬೆಳಿಗ್ಗೆ ಚರಿಗೆ ಹಿಡಿದು ಹೊರಟವನನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ತುಂಬಿದ ಚರಿಗೆ ಹೋಗುತ್ತದೆ, ಖಾಲಿ ಚರಿಗೆ ಬರುತ್ತದೆ. ದಿನಾ ತುಂಬಿದ ಚರಿಗೆಯೊಂದಿಗೇ ತಿರುಗಿ ಬರುವವನ ಬಗ್ಗೆ ಓಣಿ ಏನೆಂದು ತಿಳಿಯುತ್ತದೆ? ಇಷ್ಟು ಸರಳ ಲೆಕ್ಕ ಲೆಕ್ಕದ ಮಾಸ್ತರನಿಗೆ ಹೊಳೆಯಲೇ ಇಲ್ಲ.

ಹೊಳೆಯಿಸಿದವನು ಎದುರುಮನೆಯ ಅರಿವೆ ಅಂಗಡಿಯ ಖಾಸೀಂಸಾಬ. ಒಂದು ದಿನ ನನ್ನನ್ನು ಮರೆಗೆ ಕರೆದು ಒಂದು ಬಾಟಲಿ ಕೈಗಿಟ್ಟ.

"ಔಡಲೆಣ್ಣಿ ಐತ್ರಿ ಮಾಸ್ತರ. ರಾತ್ರಿ ಬಿಸಿ ಹಾಲಾಗ ಹಾಕ್ಕೊಂಡು ಕುಡೀರಿ, ಮುಂಜಾನೆ ಹೊಟ್ಟಿ ಸಾಫ್ ಆಗ್ತೈತಿ. ನಾಲ್ಕು ದಿನದಿಂದ ನಿಮ್ಮ ತ್ರಾಸ ನೋಡಾಕತ್ತೇನಿ, ನನಗಽ ಕೆಟ್ಟ ಅನಸಾಕತ್ತೈತಿ."

"ಅಯ್ಯ, ಹಂಗೇನಿಲ್ರಿ ಸಾಬರ. ನಾ ಕಪ್ಪಿಮರಿ ತರಾಕ ಹೋಗಿದ್ದೆ."

ಖಾಸೀಂಸಾಬ ಅತ್ಯಂತ ಕರುಣೆಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟ. "ನಾಚಿಕೋಬ್ಯಾಡ್ರಿ. ಮನುಷ್ಯಾ ಅಂದಮ್ಯಾಲ ಆಗ್ತೈತಿ."

ಮನೆಗೆ ಬಂದರೆ ಶಾಂತಾಳ ತಮ್ಮ ಆಗಲೇ ಬಂದು ಕೂತಿದ್ದ. ಮೋಟಾರ್ ಸ್ಟ್ಯಾಂಡಿನಲ್ಲೇ ಅವನಿಗೆ ಸುದ್ದಿ ಮುಟ್ಟಿತ್ತು. "ಮಾಮಾ, ಈಗ ಹೆಂಗೈತ್ರಿ ಹೊಟ್ಟಿ?" ಎಂದ. ಒಳಗಿನಿಂದ ಶಾಂತಾ ಸಿಡಿದಳು.

"ಬಾವಿಕಟ್ಟಿ ಮ್ಯಾಲ ಎಲ್ಲಾರೂ ನನಗಽ ಕೇಳಾಕತ್ತಾರ, ಗಂಡಗ ಏನು ಉಣ್ಣಾಕ ಹಾಕ್ತಿ ಅಂತ. ನನ್ನ ರೊಟ್ಟಿಗೆ ಹೆಸರು ಇಡಾಕತ್ತಾರ್ರಿ ಮಂದಿ!"

ಅವಳ ಕಣ್ಣಲ್ಲಿ ನೀರಿತ್ತು. ನಾನು ಹೊಂಡದ ಕಡೆ ನೋಡಿದೆ. ನನ್ನ ಕಪ್ಪೆಮರಿಗಳು ಪಾಚಿ ಮೇಯುತ್ತಿದ್ದವು. ಪಕ್ಕದಲ್ಲೇ ಸೊಳ್ಳೆಮರಿಗಳು ನಿಶ್ಚಿಂತೆಯಿಂದ ಆಡುತ್ತಿದ್ದವು. ಇಬ್ಬರ ನಡುವೆ ಯಾವ ತಂಟೆತಕರಾರೂ ಇರಲಿಲ್ಲ.

"ಹೊಂಡ ಮುಚ್ಚಿಸ್ತೇನಿ," ಎಂದೆ.

"ಮುಚ್ಚಿಸ್ರಿ. ಮತ್ತ ನಾಳೆ ಮುಂಜಾನೆ ಎಲ್ಲಾರೂ ನೋಡೂಹಂಗ ಖಾಲಿ ಚರಗಿ ಹಿಡಕೊಂಡು ಬರ್ರಿ. ಅಂದ್ರ ಪಂಚಮಿ ಮುಗಿಸಿ ಬರ್ತೇನಿ."

ಮರುದಿನ ಬೆಳಿಗ್ಗೆ ಕಪ್ಪೆಮರಿಗಳನ್ನೆಲ್ಲ ಅದೇ ಚರಿಗೆಯಲ್ಲಿ ಒಯ್ದು ಕೆರೆಗೆ ಬಿಟ್ಟೆ. ಹೊಂಡದಲ್ಲಿ ಒಂದೊಂದಾಗಿ ಅವನ್ನು ಹಿಡಿಯಲು ಪಟ್ಟ ಪಾಡು ದೇವರಿಗೇ ಗೊತ್ತು. ಬಿಟ್ಟ ಮೇಲೂ ಕೊನೆಯ ಬಾಲ ಕಾಣದಾಗುವ ತನಕ ದಂಡೆಯಲ್ಲೇ ಕೂತಿದ್ದೆ. ಸೋತ ಮುಖ ಹಾಕಿಕೊಂಡು, ಖಾಲಿ ಚರಿಗೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಓಣಿಗೆ ಬಂದೆ.

ಖಾಸೀಂಸಾಬ ಕಟ್ಟೆಯಿಂದ ಎದ್ದು ನಿಂತ. "ಆತೇನ್ರಿ ಮಾಸ್ತರ?"

"ಆತ್ರಿ ಸಾಬರ."

"ಶಾಬಾಸ್! ನಾ ಹೇಳಿದ್ನಿಲ್ರಿ?" ಎಂದು ಅವನು ಓಣಿಗೆಲ್ಲ ಕೇಳುವಂತೆ ಸಾರಿದ. ಬಾಗಿಲು ಬಾಗಿಲಲ್ಲಿ ಮಂದಿ ನಿಂತು ನಕ್ಕರು. ಚಹಾದಂಗಡಿಯವನು ಬಲವಂತದಿಂದ ಕೂರಿಸಿ ಚಹಾ ಕುಡಿಸಿದ. ಶಾಂತಾ ಹಬ್ಬದ ಸೀರೆಯುಟ್ಟು ಬಾಗಿಲಲ್ಲಿ ನಿಂತು, ತಲೆ ಎತ್ತಿ ಎಲ್ಲರನ್ನೂ ನೋಡುತ್ತಿದ್ದಳು.

ಅದಾದ ಮೇಲೆ ಎಷ್ಟೋ ವರ್ಷ ಮಾಸ್ತರಿಕೆ ಮಾಡಿದೆ. ನಾನು ಮಾಡಿದ ಯಾವ ಕೆಲಸಕ್ಕೂ ಊರು ಮತ್ತೆ ಅಷ್ಟು ಮನಸಾರೆ ಶಾಬಾಸ್ ಅನ್ನಲಿಲ್ಲ.