ಬ್ರೇಕಿಗೆ ಹಚ್ಚಿದ ಕುಂಕುಮ

ಬೇರೆಯವರ ದನಿಯನ್ನು ಅನುಕರಿಸುವವರಿಗೆ ಕಿವಿ ಬಹಳ ಚುರುಕು ಎಂದು ಜನ ನಂಬಿದ್ದಾರೆ. ಈ ನಂಬಿಕೆಯನ್ನು ಕೆಡಿಸುವ ಗೋಜಿಗೆ ನಾನು ಹೋಗಿಲ್ಲ. ಅದರಿಂದ ನನಗೆ ಸಾಕಷ್ಟು ಅನುಕೂಲವೇ ಆಗಿದೆ. ನಾನು ಗುಮಾಸ್ತನಾಗಿರುವ ಬೀದರಿನ ಸಹಕಾರಿ ಸಂಘದಲ್ಲಿ ಅಧ್ಯಕ್ಷರು ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿಸಿ, ಕಾರ್ಯದರ್ಶಿಗಳು ಫೋನಿನಲ್ಲಿ ಹೆಂಡತಿಗೆ ಹೆದರುವುದನ್ನು ಮಾಡಿಸಿಕೊಂಡು ನಗುತ್ತಾರೆ. ಅವರು ಊಟಕ್ಕೆ ಹೋದಮೇಲೆ ಕಾರ್ಯದರ್ಶಿಗಳು ಅದೇ ಬಾಗಿಲನ್ನು ಹಾಕಿಸಿ, ಅಧ್ಯಕ್ಷರು ಸೀನು ಬರುವ ಮೊದಲು ಮೂಗನ್ನು ಮಾಳಿಗೆಯ ಕಡೆ ಎತ್ತಿ ಕಾಯುವುದನ್ನು ಮಾಡಿಸಿಕೊಳ್ಳುತ್ತಾರೆ. ನನ್ನನ್ನೂ ನಾನು ಬಿಟ್ಟವನಲ್ಲ. ನನ್ನ ಗೊರಕೆಯನ್ನು ಹೆಂಡತಿ ಫೋನಿನಲ್ಲಿ ಹಿಡಿದು ಕೇಳಿಸಿದಾಗ, ಮರುದಿನವೇ ಕಲಿತು ಅವಳ ಮುಂದೆ ಒಪ್ಪಿಸಿದ್ದೇನೆ. ಆದರೆ ನನ್ನ ಕಿವಿಯ ಬಗ್ಗೆ ಒಂದು ಸತ್ಯವನ್ನು ತಲೆತಗ್ಗಿಸಿಕೊಂಡೇ ಹೇಳಬೇಕಾಗಿದೆ. ಎದುರಿನವರು ಮಾತಾಡುವಾಗ ಅವರ ಹುಬ್ಬು ಎಲ್ಲಿ ಏರಿತು, ಉಸಿರು ಎಲ್ಲಿ ಕಡಿಯಿತು ಎಂಬುದೆಲ್ಲ ನನ್ನೊಳಗೆ ಅಚ್ಚೊತ್ತುತ್ತದೆ. ಅವರು ಏನು ಹೇಳಿದರು ಎನ್ನುವುದು ಮಾತ್ರ ಸೋರಿಹೋಗಿರುತ್ತದೆ.

ಇದು ಬೆಳಕಿಗೆ ಬಂದದ್ದು ನಮ್ಮ ಕಾರಿನ ಬ್ರೇಕಿನಿಂದ. ಕಾರು ಎಂದರೆ ಸಾಮಾನ್ಯ ಕಾರಲ್ಲ. ನೆಲಕ್ಕೆ ತಗ್ಗಿ ಕೂತ, ಬೆನ್ನ ಮೇಲೆ ರೆಕ್ಕೆ ಹೊತ್ತ, ಹೈದರಾಬಾದಿನ ಯಾವನೋ ಹುಡುಗ ಎಂಜಿನ್ನಿಗೆ ಹುರುಪು ತುಂಬಿಸಿ ಓಡಿಸಿ ಬೇಸತ್ತು ಮಾರಿದ ಕೆಂಪು ಗಾಡಿ. ಮೈಲೂರು ಬಡಾವಣೆಯ ನಮ್ಮ ಗಲ್ಲಿಯಲ್ಲಿ ಅದು ಗುರ್ ಎಂದರೆ ಮೂರನೇ ಮನೆಯ ಅಜ್ಜಿ ಒಣಹಾಕಿದ ಹಪ್ಪಳ ಎತ್ತಿಕೊಳ್ಳುತ್ತಾಳೆ. ಓಡುವುದರಲ್ಲಿ ಅದಕ್ಕಿದ್ದ ಉತ್ಸಾಹ ನಿಲ್ಲುವುದರಲ್ಲಿ ಇರಲಿಲ್ಲ. ಇದನ್ನು ಮೊದಲು ಹೇಳಿದವಳು ನನ್ನ ಹೆಂಡತಿ ಸುಜಾತಾ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವಳಿಗೆ ಔರಾದ್ ತಾಲೂಕಿನ ಒಳಗಿನ ಹಳ್ಳಿಯೊಂದಕ್ಕೆ ವರ್ಗವಾಗಿತ್ತು. ಬಸ್ಸು ಅಲ್ಲಿಗೆ ತಲುಪುವ ಹೊತ್ತಿಗೆ ಶಾಲೆಯ ಪ್ರಾರ್ಥನೆ ಮುಗಿದು ಮೊದಲ ಪಾಠವೂ ಮುಗಿದಿರುತ್ತದೆ. ಹಾಗಾಗಿ ಅವಳು ಹಟ ಹಿಡಿದು ಕಾರು ಕಲಿತಳು, ಲೈಸೆನ್ಸನ್ನೂ ತಂದಳು. ಆದರೆ ದಿನವೂ ಒಂದೇ ದೂರು: "ರೀ, ಬ್ರೇಕ್ ತಳಕ್ಕ ಮುಟ್ಟೂ ತನಕ ಒತ್ತಿದ್ರೂ ಗಾಡಿ ನಿಂದರವಲ್ದು. ನನ್ನ ಕಾಲಾಗೇ ಶಕ್ತಿ ಇಲ್ಲೇನೋ." ನಾನೇನು ಮಾಡಿದೆ? ಅವಳು ತುಟಿ ಕಚ್ಚಿ, ಸ್ಟಿಯರಿಂಗಿಗೆ ಜೋತುಬಿದ್ದು, ಚೇಳನ್ನು ತುಳಿದು ಕೊಲ್ಲುವವಳ ಹಾಗೆ ಬ್ರೇಕು ಒತ್ತುವುದನ್ನು ಎರಡೂ ಕಡೆಯ ನೆಂಟರ ಮುಂದೆ ಮಾಡಿ ತೋರಿಸಿದೆ. ಬಹಳ ಚೆನ್ನಾಗಿ ಬಂತು. ಕಮಲನಗರದ ನನ್ನ ಚಿಕ್ಕಪ್ಪ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಸುಜಾತಾ ಕೂಡ ನಕ್ಕಳು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಕೊನೆಗೆ ಒಂದು ದಿನ ನಾನೇ ಓಡಿಸುವಾಗ ಎದುರಿಗೆ ಎಮ್ಮೆ ಬಂತು. ಚೇಳನ್ನು ಕೊಲ್ಲುವವನ ಹಾಗೆ ನಾನೂ ಒತ್ತಿದೆ. ಎಮ್ಮೆ ದೊಡ್ಡ ಮನಸ್ಸು ಮಾಡಿ ಪಕ್ಕಕ್ಕೆ ಸರಿಯಿತು. ಅವತ್ತೇ ಹೆಂಡತಿಯನ್ನು ಕರೆದುಕೊಂಡು, ಕಾರಿನ ಸಾಮಾನು ಮಾರುವ, ಹಾಕಿಯೂ ಕೊಡುವ ಗೆಳೆಯ ಇರ್ಫಾನನ ಅಂಗಡಿಗೆ ಹೋದೆ. ಗಿರಾಕಿಯನ್ನು ನೋಡಿ ಇರ್ಫಾನನಿಗೆ ಆಗುವ ಸಂತೋಷ ಮದುವೆ ಮನೆಯವರಿಗೂ ಆಗುವುದಿಲ್ಲ. ಚಕ್ರದೊಳಗೆ ತಟ್ಟೆಯಂಥ ಡಿಸ್ಕ್ ಇರುತ್ತದಲ್ಲ, ಅದರಲ್ಲೇ ಸಾದಾ, ಗೀರು ಹಾಕಿದ್ದು, ತೂತು ಕೊರೆದದ್ದು ಎಂದು ಮೂರು ಜಾತಿ ಹರವಿದ. ಆ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಪ್ಯಾಡುಗಳಲ್ಲಿ ಊರೊಳಗಿನದು, ಹೆದ್ದಾರಿಯದು, ರೇಸಿನದು ಎಂದು ಇನ್ನೊಂದು ಸಾಲು. ಪ್ಯಾಡನ್ನು ಹಿಡಿದಿರುವ ದಪ್ಪ ಕ್ಯಾಲಿಪರಿಗೆ ಬಣ್ಣ ಬೇರೆ. ನನ್ನ ಕಣ್ಣು ರೇಸಿನ ಪ್ಯಾಡು, ತೂತಿನ ಡಿಸ್ಕು, ಕೆಂಪು ಬಣ್ಣಗಳಿಂದ ಕದಲಲಿಲ್ಲ. ಚಕ್ರದ ಸಂದಿಯಿಂದ ಕೆಂಪಗೆ ಇಣುಕುವ ಬ್ರೇಕು ಇದ್ದರೆ ಗಾಡಿ ನಿಂತಿದ್ದಾಗಲೂ ಓಡಿದಂತೆ ಕಾಣುತ್ತದೆ ಎಂಬುದು ನನ್ನ ವಾದ. "ರೇಸಿನ ಪ್ಯಾಡ್ ಬಿಸಿ ಆದ ಮ್ಯಾಲ ಹಿಡೀತದ ಭಾಯ್," ಎಂದ ಇರ್ಫಾನ. "ಬೀದರದಾಗ ನೀ ಯಾವಾಗ ಬಿಸಿ ಮಾಡ್ತಿ? ಮುಂದ ಎಮ್ಮಿ, ಹಿಂದ ಆಟೋ. ನಕ್ಕೋ, ಬ್ಯಾಡ." ದೊಡ್ಡ ಡಿಸ್ಕು ಕೊಡು ಎಂದೆ. ಅದು ಈ ಚಕ್ರದೊಳಗೆ ಕೂಡುವುದಿಲ್ಲ, ಚಕ್ರವನ್ನೂ ದೊಡ್ಡದು ಹಾಕಬೇಕು ಎಂದ. ಅದನ್ನೂ ಹಾಕು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸುಜಾತಾ ನಡುವೆ ಬಂದಳು. "ರೀ, ನಾ ಔರಾದಕ್ಕ ಪಾಠ ಮಾಡಾಕ ಹೊಂಟೀನಿ, ಕಪ್ ಗೆಲ್ಲಾಕಲ್ಲ. ಪ್ಯಾಡ್ ನನ್ನ ಮಾತಿನಂಗ ಆಗ್ಲಿ. ತೂತು, ಬಣ್ಣ ನಿಮ್ಮ ಮಾತಿನಂಗ ಆಗ್ಲಿ." ನ್ಯಾಯ ತೀರಿತು. ರಸ್ತೆಗೆ ತಕ್ಕ ಪ್ಯಾಡು, ಅಳತೆಯೊಳಗಿನ ತೂತಿನ ಡಿಸ್ಕು, ಹೊಸ ಬ್ರೇಕ್ ಆಯಿಲು, ಮತ್ತು ನನ್ನ ಸಮಾಧಾನಕ್ಕೆ ಬೆಂಕಿಯಂಥ ಕೆಂಪು ಬಣ್ಣ.

ಕೆಲಸ ಮುಗಿಸಿದ ಇರ್ಫಾನ ನಟ್ಟು ಬಿಗಿಯುವ ಪಾನಾವನ್ನು ಅಂಗೈ ಮೇಲೆ ತಟ್ಟುತ್ತ, ಒಂದೇ ಹುಬ್ಬು ಎತ್ತಿ, ಹೀಗೆ ಹೇಳಿದ: "ಸುನೋ ಭಾಯ್. ಡಿಸ್ಕಿಗಿ ಕೈ ಸೈತ ಹಚ್ಚಬ್ಯಾಡ. ಕೈಯಾಗಿನ ಜಿಡ್ಡೂ ಅದಕ್ಕ ಆಗಂಗಿಲ್ಲ. ಎಣ್ಣಿ ತಾಕ್ತಂದ್ರ ಪ್ಯಾಡ್ ಕುಡೀತದ, ಗಾಡಿ ನಿಂದರಂಗಿಲ್ಲ. ಸಮಝ್ಯಾ?" ನಾನು ಆನಂದದಿಂದ ಕೇಳಿದೆ. ಆ 'ಸಮಝ್ಯಾ' ಅನ್ನುವಾಗ ಅವನ ಗದ್ದ ಹೇಗೆ ಎಡಕ್ಕೆ ಓಡುತ್ತದೆ ಗೊತ್ತೆ?

ಸೋಮವಾರ ಸುಜಾತಾ ಹೊಸ ಶಾಲೆಗೆ ಹಾಜರಾಗಬೇಕಿತ್ತು. ಅದಕ್ಕೂ ಮೊದಲು ಗಾಡಿಗೆ ತವರಿನಲ್ಲಿ ಪೂಜೆಯಾಗಲಿ ಎಂದು ಶನಿವಾರವೇ ಭಾಲ್ಕಿಗೆ ಹೊರಟೆವು. ಅವಳೇ ಓಡಿಸಿದಳು. ಕಾಲ್ಬೆರಳು ತಾಕಿಸಿದರೆ ಸಾಕು, ಗಾಡಿ ಹೇಳಿದ ಜಾಗದಲ್ಲಿ ನಿಲ್ಲುತ್ತಿತ್ತು. ಊರು ಬಂದಾಗ, "ಇಷ್ಟು ದಿನಾ ನನ್ನ ಕಾಲಿಗಿ ಸುಮ್ಮನ ಬೈಕೊಂಡೆ ನೋಡ್ರಿ," ಎಂದು ನಕ್ಕಳು. ಈ ಸಲ ಆ ನಗುವನ್ನು ಅವಳು ಎಲ್ಲರಿಗಿಂತ ಮೊದಲು ನಿಲ್ಲಿಸಬೇಕಾಗಿರಲಿಲ್ಲ. ಸಂಜೆ ಅತ್ತೆಯ ಮನೆಯ ಪಡಸಾಲೆಯಲ್ಲಿ ನಾನು ಇರ್ಫಾನನ ಉಪದೇಶವನ್ನು ಹುಬ್ಬು, ಗದ್ದ, ಪಾನಾದ ಬದಲಿಗೆ ಚಪಾತಿ ಲಟ್ಟಿಸುವ ಲತ್ತಗುಣಿ, ಎಲ್ಲ ಸಮೇತ ಮಾಡಿ ತೋರಿಸಿದೆ. "ಎಣ್ಣಿ ತಾಕ್ತಂದ್ರ ಪ್ಯಾಡ್ ಕುಡೀತದ, ಗಾಡಿ ನಿಂದರಂಗಿಲ್ಲ. ಸಮಝ್ಯಾ?" ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಇನ್ನೊಮ್ಮೆ ಮಾಡ್ರಿ ಅಳಿಯಂದ್ರ," ಎಂದರು. ಇನ್ನೊಮ್ಮೆ ಮಾಡಿದೆ.

ಭಾನುವಾರ ಬೆಳಗಿನ ಪೂಜೆಗೆ ಗಲ್ಲಿಯೆಲ್ಲ ಸೇರಿತು. ಬಾನೆಟ್ಟಿಗೆ ಹೂವಿನ ಹಾರ, ಗಾಲಿಗಳ ಕೆಳಗಿಡಲು ನಿಂಬೆಹಣ್ಣು. ಕುಂಕುಮ ತಗಡಿಗೆ ಹಿಡಿಯಲಿ ಎಂದು ಅತ್ತೆ ಅದನ್ನು ಬಟ್ಟಲಲ್ಲಿ ಎಣ್ಣೆಯೊಡನೆ ಕಲಸಿ ತಂದಿದ್ದರು. ಅವರು ಬಾನೆಟ್ಟಿನ ಮೇಲೆ ಬೆರಳಿಡಲು ಹೋದಾಗ ನಾನು ಅಡ್ಡ ಬಂದೆ. ಹೊಸದಾಗಿ ಬಂದದ್ದು ಬ್ರೇಕು; ಪೂಜೆ ಬಾನೆಟ್ಟಿಗೇ? "ಅಲ್ಲಿ ಬ್ಯಾಡ್ರಿ ಅತ್ತಿಯವ್ರ, ಇಲ್ಲಿ ಹಚ್ರಿ, ಇಲ್ಲಿ ಒಳಗ, ತಟ್ಟಿ ಮ್ಯಾಲ," ಎಂದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ತೋರಿಸಿದೆ. ಅಳಿಯ ಹೇಳಿದ ಮೇಲೆ ಕಡಿಮೆ ಮಾಡುವ ಹೆಂಗಸಲ್ಲ ಅವರು. ನಾನು ಗಾಡಿಯನ್ನು ಚೂರು ಚೂರು ತಳ್ಳಿದಂತೆ ಅವರು ಡಿಸ್ಕಿನ ಸುತ್ತ ಸಾಲಾಗಿ ಬೊಟ್ಟು ಇಟ್ಟರು, ತೂತುಗಳಲ್ಲೂ ತುಂಬಿದರು, ಉಳಿದದ್ದನ್ನು ಎಡಗಡೆಯ ಚಕ್ರದ ಡಿಸ್ಕಿಗೆ ಪೂರ್ತಿ ಬಳಿದರು. ನಾನು ಫೋಟೋ ತೆಗೆದೆ.

ಸುಜಾತಾ ಕೂತಳು, ಗಾಲಿಗಳ ಕೆಳಗಿಟ್ಟ ನಿಂಬೆಹಣ್ಣು ಪಟಪಟ ಒಡೆದವು, ಜನ ಚಪ್ಪಾಳೆ ತಟ್ಟಿದರು. ಗಲ್ಲಿಯ ಕೊನೆಗೆ ಹೋಗಿ ತಿರುಗಿಸಿಕೊಂಡು ಬಂದಳು. ಮನೆಯ ಮುಂದೆ ನಿಲ್ಲಬೇಕಾದ ಗಾಡಿ ನಿಲ್ಲಲಿಲ್ಲ. ಓಡಿಯೂ ಬರಲಿಲ್ಲ, ದೇವರ ದರ್ಶನಕ್ಕೆ ಹೊರಟವರ ಹಾಗೆ ನಿಧಾನವಾಗಿ, ನಮ್ಮೆಲ್ಲರನ್ನೂ ದಾಟಿಕೊಂಡು, ಪಕ್ಕದ ಮನೆಯವರ ಜೋಳದ ಕಣಕಿಯ ಬಣವೆಗೆ ಮೂಗು ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಟ್ಟಿದ್ದ ಎತ್ತು ಬಾನೆಟ್ಟಿನ ಹೂವಿನ ಹಾರಕ್ಕೆ ಬಾಯಿ ಹಾಕಿತು. ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಹೆಂಡತಿಯ ಹತ್ತಿರ ಓಡುವ ಬದಲು, ಇದ್ದಲ್ಲೇ ತುಟಿ ಕಚ್ಚಿ, ಗಾಳಿಯಲ್ಲಿ ಸ್ಟಿಯರಿಂಗ್ ಹಿಡಿದು, "ಅಯ್ಯ ಅಯ್ಯ, ನಿಂದರವಲ್ದು!" ಎಂದೆ. ಗಲ್ಲಿ ಗೊಳ್ಳೆಂದು ನಕ್ಕಿತು. ಸುಜಾತಾ ಇಳಿದು ಬಂದು ಕೀಲಿಯನ್ನು ಕಟ್ಟೆಯ ಮೇಲಿಟ್ಟಳು. "ನಾ ಎಕ್ಸಲೇಟರ್ ಒತ್ತಿದ್ನೇನೋ. ನನಗ ಗೊತ್ತಾಗ್ಲಿಲ್ಲ. ನನ್ನಿಂದ ಆಗಂಗಿಲ್ಲ ಬಿಡ್ರಿ. ನಾಳಿ ಹೋಗಿ ರಜಾ ಹಾಕ್ತೇನಿ," ಎಂದು ಒಳಗೆ ಹೋದಳು.

ಗಾಡಿಯನ್ನು ಹಿಂದಕ್ಕೆ ತಳ್ಳಿಸುವಾಗ ಚಕ್ರದೊಳಗೆ ನೋಡಿದೆ. ಬೊಟ್ಟುಗಳು ಒಂದೂ ಇರಲಿಲ್ಲ. ತಟ್ಟೆಯ ತುಂಬ ಹೊಳೆಹೊಳೆಯುವ ಕೆಂಪು ಜಿಡ್ಡು, ಉಪ್ಪಿನಕಾಯಿಯ ಭರಣಿಯ ಬಾಯಿಯ ಹಾಗೆ. ಬೆರಳು ಸವರಿದೆ, ಮೂಸಿದೆ: ಕುಸುಬೆ ಎಣ್ಣೆ. ಇರ್ಫಾನನಿಗೆ ಫೋನು ಹಚ್ಚಿದೆ. "ಹೌ ಭಾಯ್, ನಾ ಏನ್ ಹೇಳಿದ್ದೆ?" ಎಂದ. ಕೆಟ್ಟ ಅಭ್ಯಾಸ, ಅವನು ಹೇಳಿದ್ದನ್ನು ಅವನದೇ ದನಿಯಲ್ಲಿ, ಸಮಝ್ಯಾದವರೆಗೂ ಒಪ್ಪಿಸಿದೆ. "ಇಷ್ಟು ಚಂದ ಹೇಳ್ತಿ, ಕೇಳಿದ್ದಿಲ್ಲೇನು?" ಎಂದ. ಪ್ಯಾಡು ಎಣ್ಣೆ ಕುಡಿದಿದೆ, ಹೊಸದನ್ನು ಭಾಲ್ಕಿಗೇ ತಂದು ಸಂಜೆಯೊಳಗೆ ಹಾಕಿಕೊಡುತ್ತೇನೆ, ಅಲ್ಲಿಯವರೆಗೆ ಯಾರೂ ಓಡಿಸಬೇಡಿ ಎಂದ.

ಬ್ರೇಕಿಗೆ ದಾರಿ ಸಿಕ್ಕಿತು. ಆದರೆ ಒಳಗೆ ಕೂತವಳು ತನ್ನ ಕಾಲನ್ನೇ ನಂಬದಾಗಿದ್ದಳು. ಮೂಲೆಯಲ್ಲಿ ಅತ್ತೆ ಮಗಳಿಗೆ ದೃಷ್ಟಿ ತಾಕಿದೆ ಎಂದು ಉಪ್ಪು ನಿವಾಳಿಸುತ್ತಿದ್ದರು. ನಿಜ ಹೇಳಿದರೆ ಅತ್ತೆಗೆ ತಮ್ಮ ಕೈಯ ಪೂಜೆಯೇ ಹೀಗೆ ಮಾಡಿತೆಂದು ನೋವು. ಹೇಳದಿದ್ದರೆ ಸುಜಾತಾ ಇನ್ನು ಸ್ಟಿಯರಿಂಗ್ ಮುಟ್ಟುವವಳಲ್ಲ. ಅತ್ತೆಯ ಮನಸ್ಸು ನೋಯುತ್ತದೆಂಬ ಚಿಂತೆ ನನಗೆ ಬಹಳ ಅನುಕೂಲವಾದ ಚಿಂತೆಯಾಗಿತ್ತು. ಅದನ್ನು ಹಿಡಿದುಕೊಂಡು ನಾಷ್ಟಾ ಮುಗಿಸಿದೆ. ಚುರುಮುರಿಯ ಸುಸಲಾ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದಿತ್ತು. ಇಳಿಯಿತು, ಇನ್ನೊಂದು ಸಲ ಹಾಕಿಸಿಕೊಂಡೆ. ಸುಜಾತಾ ಮಾತ್ರ ತಟ್ಟೆಯನ್ನು ಮುಟ್ಟದೆ ಬಲಗಾಲನ್ನು ನೋಡುತ್ತ ಕೂತಿದ್ದಳು. ಅದನ್ನು ನೋಡಲಾಗಲಿಲ್ಲ.

ಅತ್ತೆ ಒಳಗೆ ಹೋದಮೇಲೆ ಹತ್ತಿರ ಸರಿದು ಶುರುಮಾಡಿದೆ. "ಸುನೋ ಭಾಯ್, ಎಣ್ಣಿ ತಾಕ್ತಂದ್ರ..." ಬಾಯಿಂದ ಬಂದದ್ದು ಇರ್ಫಾನ. ಸಾವರಿಸಿಕೊಂಡು, ನಮ್ಮ ಕಾರ್ಯದರ್ಶಿಗಳು ಹೆಂಡತಿಯ ಮುಂದೆ ತಪ್ಪೊಪ್ಪಿಕೊಳ್ಳುವ ಧಾಟಿಯಲ್ಲಿ, "ಅದು ಏನಾಗ್ಯದಂದ್ರ, ಮೇಡಮ್ಮಾರ..." ಎಂದೆ. ಸುಜಾತಾ ತಲೆ ಎತ್ತಿದಳು.

"ನಿಮ್ಮ ದನಿಯಾಗ ಹೇಳ್ರಿ."

ಹುಡುಕಿದೆ. ಅಧ್ಯಕ್ಷರು ಸಿಕ್ಕರು, ಚಿಕ್ಕಪ್ಪ ಸಿಕ್ಕರು, ಬಸ್ಸಿನ ಕಂಡಕ್ಟರ್ ಸಿಕ್ಕ. ನನ್ನದು ಎಲ್ಲಿಟ್ಟಿದ್ದೇನೆಂದು ತಿಳಿಯಲಿಲ್ಲ. ಕೊನೆಗೆ ಗಂಟಲ ತಳದಿಂದ ಏನೋ ಒಂದು ಬಂತು. ತೆಳ್ಳಗೆ, ಒಡಕಾಗಿ, ಯಾರೂ ಟಿಕೆಟ್ ಕೊಂಡು ಕೇಳದ ದನಿ. "ನೀ ಬ್ರೇಕೇ ಒತ್ತಿದ್ದಿ ಸುಜಾತಾ. ಸರಿಯಾಗೇ ಒತ್ತಿದ್ದಿ. ಡಿಸ್ಕಿಗಿ ಎಣ್ಣಿ ತಾಕಿತ್ತು. ಅಲ್ಲಿ ಹಚ್ರಿ ಅಂತ ತೋರಿಸಿದಾವ ನಾನು. ಇರ್ಫಾನ ಬ್ಯಾಡ ಅಂದಿದ್ದ. ಮೊದ್ಲಿನ ಬ್ರೇಕಿನ ಸಲುವಾಗಿ ನೀ ಹೇಳಿದ್ದೂ ನಾ ಕೇಳಿದ್ದಿಲ್ಲ, ನಕ್ಕಿದ್ದೆ."

ಅವಳು ಎದ್ದುಹೋಗಿ ಕಟ್ಟೆಯ ಮೇಲಿನ ಕೀಲಿ ತಂದು ತನ್ನ ಪರ್ಸಿಗೆ ಹಾಕಿಕೊಂಡಳು. "ಪ್ಯಾಡ್ ಹಾಕಿದ ಮ್ಯಾಲ ಮೊದಲ ಸುತ್ತು ನಾನೇ ಹೊಡಿತೇನಿ. ನೀವು ಬಣವಿ ಮುಂದ ನಿಂದರ್ರಿ."

"ನಿಂದರ್ತೇನಿ. ತಪ್ಪು ಪೂರಾ ನಂದೇ ಅದ," ಎಂದೆ, ಅದೇ ಒಡಕು ದನಿಯಲ್ಲಿ.

ಚಹಾ ತಂದ ಅತ್ತೆ ಬಾಗಿಲಲ್ಲೇ ನಿಂತು ಆ ಕೊನೆಯ ಮಾತನ್ನು ಕಿವಿಗೊಟ್ಟು ಕೇಳಿದರು. ಮುಖ ಸಪ್ಪಗಾಯಿತು. "ಇದು ಯಾರ ದನಿರಿ ಅಳಿಯಂದ್ರ?" ಎಂದರು. "ಇದೊಂದು ಬರೋಬ್ಬರಿ ಬರ್ಲಿಲ್ಲ ನೋಡ್ರಿ."